ಮಲೆನಾಡಿನ ಕಸ್ಟಮ್ ಬೈಕಿಗೆ ಹೊಸ ಮೀಟರ್: ಸೆನ್ಸರ್ ಹೊಂದಿಸುವುದು ಹೀಗೆ

ಹಳೆ ಬುಲೆಟ್ಟನ್ನೋ ಆರ್‌ಎಕ್ಸ್ 100 ಅನ್ನೋ ಬಿಚ್ಚಿ ತಮ್ಮಿಷ್ಟದಂತೆ ಕಟ್ಟುವವರು ಟ್ಯಾಂಕು, ಸೀಟು, ಹ್ಯಾಂಡಲ್ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೀಟರ್ ಮಾತ್ರ ಕೊನೆಗೆ ಆನ್‌ಲೈನಲ್ಲಿ ಸಿಕ್ಕಿದ್ದು. ಸೆನ್ಸರ್ ಏನು ಹೇಳುತ್ತದೋ ಮೀಟರ್ ಅದನ್ನೇ ತೋರಿಸುತ್ತದೆ, ಎರಡಕ್ಕೂ ಹೊಂದಿಕೆಯಾಗದಿದ್ದರೆ ಬರೋದೆಲ್ಲ ಸುಳ್ಳು ಲೆಕ್ಕ. ಅದಕ್ಕೇ ಮೊದಲು ಅಳತೆ, ಆಮೇಲೆ ಫಿಟ್ಟಿಂಗ್. ಒಂದು ಮಲ್ಟಿಮೀಟರ್ ಕೈಯಲ್ಲಿರಲಿ.

ಕರೆಂಟಿನಿಂದ ಶುರು ಮಾಡಿ. ಹಳೆ ಬೈಕುಗಳ ಹೆಡ್‌ಲೈಟ್ ವೈರಿನಲ್ಲಿ ಎಷ್ಟೋ ಸಲ ಎಸಿ ಇರುತ್ತದೆ, ಅಲ್ಲಿಂದ ಡಿಜಿಟಲ್ ಮೀಟರಿಗೆ ಕೊಡಲೇಬೇಡಿ. ಕೀ ಸ್ವಿಚ್ ದಾಟಿ ಬರುವ 12 ವೋಲ್ಟ್ ಡಿಸಿ ಲೈನ್ ಹಿಡಿದು ನಡುವೆ ಸಣ್ಣ ಫ್ಯೂಸ್ ಹಾಕಿ. ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯಲ್ಲಿ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಸರಿಯಿಲ್ಲ ಅಂತಲೇ ಅರ್ಥ.

ಸ್ಪೀಡಿಗೆ ಚಕ್ರದಲ್ಲಿ ಮ್ಯಾಗ್ನೆಟ್, ಫೋರ್ಕಿನಲ್ಲಿ ಸೆನ್ಸರ್. ಹಾಲ್ ಸೆನ್ಸರ್ (ಮ್ಯಾಗ್ನೆಟ್ ಹತ್ತಿರ ಬಂದಾಗ ಸಿಗ್ನಲ್ ಕೊಡುವಂಥದ್ದು) ಆದರೆ ಹಲವು ಸಲ ಮ್ಯಾಗ್ನೆಟ್ಟಿನ ಒಂದೇ ಮುಖಕ್ಕೆ ಸ್ಪಂದಿಸುತ್ತದೆ, ಹಾಗಾಗಿ ಅಂಟಿಸುವ ಮೊದಲು ತಿರುಗಿಸಿ ನೋಡಿ. ಆಮೇಲೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಬೈಕ್ ಮೇಲೆ ಕೂತು, ಚಕ್ರ ಸರಿಯಾಗಿ ಒಂದು ಸುತ್ತು ಉರುಳಿಸಿ ಟೇಪಿನಲ್ಲಿ ಅಳೆಯಿರಿ. ಆ ಸುತ್ತಳತೆಯನ್ನೇ ಮೀಟರಿನ ಸೆಟ್ಟಿಂಗಿನಲ್ಲಿ ಇಡಿ. ನಿಮ್ಮ ಟೈರಿನ ಸುತ್ತಳತೆ 2,010 ಮಿಲಿಮೀಟರ್ ಇದ್ದು ಮೀಟರಿನಲ್ಲಿ 1,885 ಅಂತ ಇದ್ದರೆ, ನೀವು 64ರಲ್ಲಿ ಹೋಗುವಾಗ ಅದು 60 ತೋರಿಸುತ್ತದೆ. ಸ್ಪೀಡೋಮೀಟರ್ ಶೋಕಿಯ ವಸ್ತು ಅಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇರಲೇಬೇಕು.

ಆರ್‌ಪಿಎಂ ಸುಲಭ. ಪ್ಲಗ್ ಕೇಬಲಿಗೆ ಸಿಗ್ನಲ್ ವೈರನ್ನು ನಾಲ್ಕೈದು ಸುತ್ತು ಸುತ್ತಿ, ಸಿಪ್ಪೆ ತೆಗೆಯುವುದು ಬೇಡ. ಐಡ್ಲಿಂಗಿನಲ್ಲಿ 1,200ರ ಆಸುಪಾಸು ಇರಬೇಕಾದದ್ದು 2,400 ಅಥವಾ 600 ತೋರಿಸಿದರೆ ಮೀಟರಿನ ಪಲ್ಸ್ ಸೆಟ್ಟಿಂಗ್ (ಎಂಜಿನ್ನಿನ ಒಂದು ಸುತ್ತಿಗೆ ಎಷ್ಟು ಕಿಡಿ ಅನ್ನುವ ಲೆಕ್ಕ) ಬದಲಿಸಿ. ಮುಳ್ಳು ಸುಮ್ನೆ ಕುಣಿಯುತ್ತಿದ್ದರೆ ರೆಸಿಸ್ಟರ್ ಇರುವ ಪ್ಲಗ್ ಹಾಕಿ ನೋಡಿ.

ಪೆಟ್ರೋಲ್ ಗೇಜಿಗೆ ಮಾತ್ರ ಪುರುಸೊತ್ತು ಬೇಕು. ಟ್ಯಾಂಕಿನೊಳಗಿನ ಫ್ಲೋಟ್ ಪೂರ್ತಿ ಕೆಳಗಿದ್ದಾಗ ಎಷ್ಟು ಓಮ್, ಪೂರ್ತಿ ಮೇಲಿದ್ದಾಗ ಎಷ್ಟು ಅಂತ ಅಳೆದು ಬರೆದಿಟ್ಟುಕೊಳ್ಳಿ. ಮೀಟರಿನಲ್ಲಿ 100, 510 ಹೀಗೆ ಆಯ್ಕೆ ಇರುತ್ತದೆ, ನಿಮ್ಮ ಅಳತೆಗೆ ಹತ್ತಿರದ್ದನ್ನು ಇಡಿ. ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ತಗಡು ಬಡಿದು ಮಾಡಿದ ಟ್ಯಾಂಕು ಕೆಳಗೆ ಕಿರಿದು, ಮೇಲೆ ಅಗಲ, ಅಲ್ವಾ? ಗೇಜು ಅರ್ಧ ತೋರಿಸಿದರೂ ಒಳಗೆ ಅರ್ಧ ಪೆಟ್ರೋಲ್ ಇರುವುದಿಲ್ಲ. ಖಾಲಿ ಟ್ಯಾಂಕಿಗೆ ಒಂದೊಂದೇ ಲೀಟರ್ ಹಾಕುತ್ತಾ ಗೇಜು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಮಾಡಿ. ರಾತ್ರಿ ಹೊತ್ತು ಹೊಸನಗರದ ಕಡೆ ಕಾಡುದಾರಿಯಲ್ಲಿ ಹೋಗುವವರಿಗೆ ಆ ಕೊನೆಯ ಒಂದು ಲೀಟರಿನ ಗುರುತೇ ಮುಖ್ಯ.

ಆಯಿಲ್ ಬಿಸಿ ನೋಡುವ ಸೆನ್ಸರನ್ನು ಡ್ರೇನ್ ಬೋಲ್ಟಿನ ಜಾಗಕ್ಕೆ ಹಾಕಬಹುದು, ಥ್ರೆಡ್ ಅಳತೆ ಹೊಂದಬೇಕು ಅಷ್ಟೇ. ಒಂದೇ ವೈರಿನದಾದರೆ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದಕ್ಕೆ ಅರ್ಥ್ ಸಿಗುವುದೇ ಥ್ರೆಡ್ಡಿನಿಂದ. ಹಾಕುವ ಮೊದಲು ಸೆನ್ಸರಿನ ತುದಿಯನ್ನು ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಒಂದೇ ವೈರಿನದಾದರೆ ಅದರ ಲೋಹಕ್ಕೊಂದು ಅರ್ಥ್ ವೈರ್ ಹಿಡಿಸಿಕೊಳ್ಳಿ. ಶಿವಮೊಗ್ಗದ ಎತ್ತರಕ್ಕೆ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಹಾಗಾಗಿ ಮೀಟರ್ 100 ಮುಟ್ಟಲಿಲ್ಲ ಅಂತ ಗಾಬರಿ ಬೇಡ.

ಇನ್ನು ನಮ್ಮ ಮಳೆ. ಬೇರೆ ಊರಿನವರು ಬರೆದ ಪಾಠದಲ್ಲಿ ಇದು ಸಿಗುವುದಿಲ್ಲ. ಆರಿದ್ರಾ, ಪುನರ್ವಸು ಹಿಡಿದು ಸುರಿಯುವಾಗ ಆಗುಂಬೆ, ತೀರ್ಥಹಳ್ಳಿ ಕಡೆ ಓಡಾಡುವ ಬೈಕಿನಲ್ಲಿ ನೀರು ವೈರ್ ಹಿಡಿದುಕೊಂಡೇ ಕನೆಕ್ಟರಿನೊಳಗೆ ಇಳಿಯುತ್ತದೆ. ಪ್ರತಿ ಕನೆಕ್ಟರಿನ ಮುಂಚೆ ವೈರನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ತನ್ನಿ, ನೀರು ಬಾಗಿದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪ್ ಸಾಲದು, ಬೆಸುಗೆ ಹಾಕಿ ಒಳಬದಿಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ, ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದೆ ನೀರು ತಡೆಯುವ ಗ್ರೀಸ್) ತುಂಬಿ. ಮೀಟರಿನ ಹಿಂದೆ ಸಣ್ಣ ಗಾಳಿತೂತು ಇದ್ದರೆ ಸಿಲಿಕಾನ್ ಬಳಿದು ಮುಚ್ಚಬೇಡಿ. ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗಾಜಿನ ಮೇಲೆ ಮಂಜು ಕೂರುತ್ತದೆ.

ಎಲ್ಲ ಆದಮೇಲೆ ಫೋನಿನ ಜಿಪಿಎಸ್ ಹಾಕಿ ಸ್ಪೀಡ್ ತಾಳೆ ನೋಡಿ. ಫೋನ್ ನೋಡಲು ಹಿಂದೆ ಒಬ್ಬರು ಕೂತಿರಲಿ. ಘಾಟಿಯಲ್ಲಿ ಬೇಡ, ತಿರುವು ಮತ್ತು ಮರಗಳ ನಡುವೆ ಜಿಪಿಎಸ್ ತಡವರಿಸುತ್ತದೆ. ಭದ್ರಾವತಿ ರಸ್ತೆಯ ನೇರ ಜಾಗದಲ್ಲಿ ಬೆಳಗ್ಗೆ ಬೇಗ, ಒಂದೇ ವೇಗ ಹಿಡಿದು ನೋಡಿ. ವ್ಯತ್ಯಾಸ ಕಂಡರೆ ಸುತ್ತಳತೆಯ ಸಂಖ್ಯೆಯನ್ನಷ್ಟೇ ತಿದ್ದಿ, ಸೆನ್ಸರ್ ಮುಟ್ಟಬೇಡಿ.