ದರ, ತಕ್ಕಡಿ, ಪಗಾರ, ಉದ್ರಿ: ಕ್ರೈಸ್ತ ತತ್ವದಂತೆ ಸಣ್ಣ ಅಂಗಡಿ ನಡೆಸುವುದು ಹೇಗೆ?

ಬೈಬಲಿನಲ್ಲಿ ವ್ಯಾಪಾರದ ಮಾತು ಬಂದಲ್ಲಿ ಅದು ಹೆಚ್ಚಾಗಿ ತೂಕದ ಕಲ್ಲು, ದಿನಗೂಲಿ, ಒತ್ತೆ, ಸಾಲದಂಥ ನಿತ್ಯದ ಸಂಗತಿಗಳ ಬಗ್ಗೆಯೇ ಇರುತ್ತದೆ. ಬೋರ್ಡಿನ ಮೇಲೆ ಶಿಲುಬೆ ಬರೆಸಬೇಕೇ, ಅಂಗಡಿಗೆ ‘ಬೆಥೆಲ್’ (ದೇವರ ಮನೆ) ಎಂದು ಹೆಸರಿಡಬೇಕೇ ಎಂಬುದಕ್ಕೆ ಅಲ್ಲಿ ಸೂಚನೆ ಸಿಗುವುದಿಲ್ಲ. ಕೂಲಿಯನ್ನು ಯಾವ ಹೊತ್ತಿನೊಳಗೆ ಕೊಡಬೇಕು ಎಂಬುದಕ್ಕೆ ಸಿಗುತ್ತದೆ.

ನಮ್ಮ ಉತ್ತರ ಕರ್ನಾಟಕದ ಭಾಗಕ್ಕೆ ಇದು ಹೊಸ ವಿಚಾರವೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅದೇ ಮಿಶನ್ ಕರಾವಳಿಯಲ್ಲಿ ನೇಯ್ಗೆ ಶಾಲೆ ನಡೆಸಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಂಬಿಕೆಯನ್ನೂ ಲೆಕ್ಕದ ಪುಸ್ತಕವನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಬೇಕಾಗಿಲ್ಲ ಎಂಬುದು ಆಗಲೇ ಗೊತ್ತಿತ್ತು. ಇಲ್ಲಿ ಹೇಳಿರುವುದು ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬೇಕರಿ, ಹೊಲಿಗೆ ಅಂಗಡಿಯಂಥ ನಾಲ್ಕೈದು ಜನರ ವ್ಯಾಪಾರಕ್ಕೆ.

ಮೊದಲು ದರ ಕಟ್ಟಿ

ಪ್ರಾಮಾಣಿಕತೆ ತಕ್ಕಡಿಯಿಂದ ಶುರುವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಶುರುವಾಗುವುದು ದರದಿಂದ. ಪಕ್ಕದ ಅಂಗಡಿಯವನನ್ನು ನೋಡಿ ದರ ಇಳಿಸಿದವನು ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲು ಎಲ್ಲಿಂದಾದರೂ ತೆಗೆಯಲೇಬೇಕು. ಆಗ ತೂಕದಲ್ಲಿ ತೆಗೆಯುತ್ತಾನೆ, ಇಲ್ಲವೇ ಕಲಬೆರಕೆ ಮಾಡುತ್ತಾನೆ, ಇಲ್ಲವೇ ಆಳಿನ ಪಗಾರ ಹಿಡಿಯುತ್ತಾನೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಬೈಬಲಿನ ಲೂಕ 14:28 ಕೇಳುವುದು ಇದನ್ನೇ.

ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ ಮಾಡಿ ಮಾರುತ್ತೀರಿ ಎಂದಿಟ್ಟುಕೊಳ್ಳಿ. ಕೆ.ಜಿ.ಗೆ 300 ರೂಪಾಯಿಯಂತೆ 10 ಕೆ.ಜಿ. ಕಾಯಿ ತಂದಿರಿ: 3,000 ರೂಪಾಯಿ. ತುಂಬು ಬಿಡಿಸಿದಾಗ 800 ಗ್ರಾಂ ಹೋಯಿತು, ಬಿಸಿಲಿಗೆ ಹಾಕಿದಾಗ 500 ಗ್ರಾಂ ಇಳಿಯಿತು, ಕುಟ್ಟುವಾಗ 200 ಗ್ರಾಂ ಹಾರಿತು. ಕೈಗೆ ಸಿಕ್ಕಿದ್ದು 8.5 ಕೆ.ಜಿ. ತುಂಬು ಬಿಡಿಸಿದ ಕೂಲಿ 150, ಕುಟ್ಟಿಸಿದ್ದು 200, ಚೀಲ-ಲೇಬಲ್ 85, ಬಾಡಿಗೆ ಮತ್ತು ಕರೆಂಟಿನ ಪಾಲು 250. ಒಟ್ಟು 3,685. ಇದನ್ನು 8.5ರಿಂದ ಭಾಗಿಸಿದರೆ ಕೆ.ಜಿ.ಗೆ ಸುಮಾರು 434 ರೂಪಾಯಿ ಅಸಲು. ಅದರ ಮೇಲೆ ನೂರಕ್ಕೆ 12 ಲಾಭ ಸೇರಿಸಿದರೆ 485ರ ಆಸುಪಾಸು.

ತಪ್ಪುವುದು ಭಾಗಾಕಾರದಲ್ಲಿ. ತಂದದ್ದು 10 ಕೆ.ಜಿ. ಎಂದು 10ರಿಂದ ಭಾಗಿಸಿದವರಿಗೆ ಅಸಲು 368 ಎಂದು ಕಾಣುತ್ತದೆ. 400ಕ್ಕೆ ಮಾರಿ ಲಾಭ ಮಾಡಿದೆ ಎಂದುಕೊಂಡವರು ಕೆ.ಜಿ.ಗೆ 34 ರೂಪಾಯಿ ಕಳೆದುಕೊಂಡಿರುತ್ತಾರೆ. ಮೂರನೇ ತಿಂಗಳಿಗೆ ಅಗ್ಗದ ಬೀಜ ಸೇರುತ್ತದೆ, ಬಣ್ಣ ಸೇರುತ್ತದೆ. ಸಬ್ಬತ್ತು (ವಿಶ್ರಾಂತಿಯ ದಿನ) ಯಾವಾಗ ಮುಗಿದೀತು, ಅಳತೆಯನ್ನು ಕಿರಿದು ಮಾಡಿ ಗೋದಿಯ ಉದುರುಗಸವನ್ನೂ ಮಾರೋಣ ಎನ್ನುವ ವರ್ತಕರನ್ನು ಆಮೋಸ 8:5-6 ತರಾಟೆಗೆ ತೆಗೆದುಕೊಂಡಿದ್ದು ಇಂಥದ್ದಕ್ಕೇ. ಖಾರದಪುಡಿಗೆ ಖಾದ್ಯ ತೈಲ ಹಾಕಲು ಆಹಾರ ಕಾನೂನು ಬಿಡುತ್ತದೆ, ಆದರೆ ನೂರಕ್ಕೆ 2ರೊಳಗೆ, ಅದೂ ಯಾವ ಎಣ್ಣೆ, ಎಷ್ಟು ಎಂದು ಲೇಬಲ್ಲಿನ ಮೇಲೆ ಬರೆದು. ಹೊರಗಿನ ಬಣ್ಣ ಬಿಲ್‌ಕುಲ್ ಇಲ್ಲ. ತೇವಾಂಶ ನೂರಕ್ಕೆ 11 ದಾಟಬಾರದು; ತೂಕ ಬರಲಿ ಎಂದು ಕಾಯಿಗೆ ನೀರು ಚಿಮುಕಿಸಿದ್ದು ಒಂದೆರಡು ತಿಂಗಳಲ್ಲಿ ಪುಡಿ ಗಡ್ಡೆ ಕಟ್ಟಿ, ಬೂಸಲು ಬಂದು ಹೊರಬೀಳುತ್ತದೆ.

ಕಟ್ಟಿದ ದರವನ್ನು ಬರೆದು ಹಾಕಿ. ಚೌಕಾಶಿಗೆ ಜಾಗ ಇರಲೆಂದು ನೂರಕ್ಕೆ 20 ಏರಿಸಿ ಹೇಳಿದರೆ, ಬಾಯಿ ಜೋರಿದ್ದವನಿಗೆ ಅಗ್ಗ, ಸಂಕೋಚದ ಮುದುಕಿಗೆ ದುಬಾರಿ. ‘ಹೌದಾದರೆ ಹೌದು, ಅಲ್ಲವಾದರೆ ಅಲ್ಲ’ (ಮತ್ತಾಯ 5:37) ದರಕ್ಕೂ ಸಲ್ಲುತ್ತದೆ, ವಾಯಿದೆಗೂ ಸಲ್ಲುತ್ತದೆ. ದಿನಕ್ಕೆ ಆರು ಕುಪ್ಪಸ ಹೊಲಿಯುವ ಶಕ್ತಿ ಇರುವವರು ಪಂಚಮಿಯ ಹಿಂದಿನ ಹತ್ತು ದಿನಕ್ಕೆ 60ಕ್ಕಿಂತ ಒಂದು ಹೆಚ್ಚು ಬಟ್ಟೆ ಹಿಡಿದರೂ ‘ನಾಳಿಗಿ ಬರ್ರಿ’ ಶುರುವಾಗುತ್ತದೆ. ಮಷಿನ್ ಕೆಡುವುದು, ಕರೆಂಟ್ ಹೋಗುವುದು ಇದ್ದದ್ದೇ. 50ಕ್ಕೆ ಪುಸ್ತಕ ಮುಚ್ಚುವುದು ಲೇಸು.

ತಕ್ಕಡಿ

ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ಎಂದು ಎರಡು ತರಹದ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎನ್ನುತ್ತದೆ ಧರ್ಮೋಪದೇಶಕಾಂಡ 25:13. ಈಗ ಕಲ್ಲಿನ ಜಾಗಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ತಪ್ಪುವ ದಾರಿಗಳು ಹೆಚ್ಚಾಗಿವೆ. ಕೆಲವು ತಪ್ಪು ಮೋಸದಿಂದಲ್ಲ, ಬರೀ ಅಲಕ್ಷ್ಯದಿಂದ ಆಗುತ್ತವೆ.

ಕಾನೂನು ಮಾಪನ ಇಲಾಖೆಯಿಂದ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ತೂಕಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಆ ಪ್ರಮಾಣಪತ್ರ ಗಿರಾಕಿಗೆ ಕಾಣುವಲ್ಲಿ ಇರಲಿ. ಆದರೆ ಮುದ್ರೆ ಇರುವ ತಕ್ಕಡಿಯೂ ನಡುವೆ ಹಾದಿ ತಪ್ಪಬಹುದು. ಅದಕ್ಕೆ ಮುದ್ರೆ ಹಾಕಿಸಿದ 1 ಕೆ.ಜಿ. ಮತ್ತು 5 ಕೆ.ಜಿ. ತೂಕ ಅಂಗಡಿಯಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೀಗೆ ನೋಡಿ: ಮಟ್ಟ ತೋರಿಸುವ ಗುಳ್ಳೆ ನಡುವಿನಲ್ಲಿ ಇದೆಯೇ, ಫ್ಯಾನ್ ನಿಲ್ಲಿಸಿದಾಗ ಸೊನ್ನೆ ನಿಲ್ಲುತ್ತದೆಯೇ, 5 ಕೆ.ಜಿ. ತೂಕವನ್ನು ನಡುವೆ ಇಟ್ಟಾಗಲೂ ನಾಲ್ಕು ಮೂಲೆಗೆ ಸರಿಸಿದಾಗಲೂ ಅದೇ ಅಂಕಿ ಬರುತ್ತದೆಯೇ. ಮೂಲೆಗೊಂದು ಅಂಕಿ ಬಂದರೆ ತಟ್ಟೆಯ ಕೆಳಗೆ ಬೇಳೆಕಾಳು ಸಿಕ್ಕಿರುತ್ತದೆ, ಇಲ್ಲವೇ ಒಳಗಿನ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಕೆಟ್ಟಿರುತ್ತದೆ. ಬ್ಯಾಟರಿ ಇಳಿದಾಗಲೂ ಅಂಕಿ ಓಲಾಡುತ್ತದೆ. ಎರಡು ನಿಮಿಷದ ಕೆಲಸ.

ಇನ್ನೊಂದು, ಯಾರೂ ಅಷ್ಟಾಗಿ ಗಮನಿಸದ ಸಂಗತಿ. 5 ಗ್ರಾಂ ಅಂತರದಲ್ಲಿ ಓದುವ 30 ಕೆ.ಜಿ. ತಕ್ಕಡಿಯಲ್ಲಿ 100 ಗ್ರಾಂಗಿಂತ ಕಡಿಮೆ ತೂಗಬಾರದು. ಅದರ ಮೇಲೆ 10 ಗ್ರಾಂ ಏಲಕ್ಕಿ ಹಾಕಿದರೆ, ಬಂದದ್ದು 8 ಗ್ರಾಂ ಇರಬಹುದು, 12 ಇರಬಹುದು. ಏಲಕ್ಕಿ, ಲವಂಗ, ಕೇಸರಿ ಮಾರುವವರು ಚಿಕ್ಕ ಅಂತರದ, ಮುದ್ರೆಯಿರುವ ಬೇರೆ ತಕ್ಕಡಿ ಇಡಬೇಕು. ಸಿಹಿ ಅಂಗಡಿಯಲ್ಲಿ ರಟ್ಟಿನ ಡಬ್ಬಿಯದು ಇದೇ ಕಥೆ: ಕೆ.ಜಿ.ಗೆ 500 ರೂಪಾಯಿಯ ಪೇಡೆಯ ಜೊತೆ 40 ಗ್ರಾಂ ಡಬ್ಬಿ ತೂಗಿದರೆ, ಗಿರಾಕಿ ರಟ್ಟಿಗೆ 20 ರೂಪಾಯಿ ಕೊಟ್ಟಂತೆ. ಖಾಲಿ ಡಬ್ಬಿ ಇಟ್ಟು, ಅದರ ತೂಕ ಕಳೆಯುವ ‘ಟೇರ್’ ಗುಂಡಿ ಒತ್ತಿ, ಆಮೇಲೆ ತುಂಬಿ.

ಹಿಟ್ಟಿನ ಗಿರಣಿಯವರಿಗೆ ಪ್ರಶ್ನೆ ಇನ್ನೂ ಸೂಕ್ಷ್ಮ. ಒಬ್ಬರ ಜೋಳ ಮುಗಿದಾಗ ಕಲ್ಲಿನ ನಡುವೆ, ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದೆ. ತಲೆಗೆ 50 ಗ್ರಾಂ ಎಂದು ಹಿಡಿದರೂ 60 ಗಿರಾಕಿಗೆ 3 ಕೆ.ಜಿ. ಇದು ಗಿರಣಿಯವರದ್ದು ಎಂಬ ರೂಢಿ ಬಹಳ ಕಡೆ ಇದೆ. ಆಗಬಾರದು. ಕಾಳು ಬಂದಾಗ ತೂಗಿ ಚೀಟಿಯಲ್ಲಿ ಬರೆಯಿರಿ, ಬಟ್ಟೆಯನ್ನು ಗಿರಾಕಿಯ ಎದುರೇ ಕೊಡವಿ, ಹಿಟ್ಟನ್ನು ಮತ್ತೆ ತೂಗಿ ಕೊಡಿ. ಜೋಳದ ಸಾಲು, ಗೋದಿಯ ಸಾಲು ಬೇರೆ ಹೊತ್ತಿಗೆ ಇಟ್ಟುಕೊಂಡರೆ ಒಬ್ಬರದ್ದು ಇನ್ನೊಬ್ಬರಿಗೆ ಬೆರೆಯುವುದೂ ತಪ್ಪುತ್ತದೆ. ನೆಲಕ್ಕೆ ಬಿದ್ದದ್ದು ದನಕ್ಕೆ ಹೋಗಲಿ, ಚೀಲಕ್ಕೆ ಬೇಡ.

ಪಗಾರ, ಸೂಟಿ

ದಿನಗೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಅವನು ಬಡವ, ಅದರ ಮೇಲೇ ಆಸೆ ಇಟ್ಟಿರುತ್ತಾನೆ: ಧರ್ಮೋಪದೇಶಕಾಂಡ 24:15. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ದಿನಗೂಲಿ ಪಾಳಿ ಮುಗಿದಾಗ, ವಾರದ ಕೂಲಿ ಸೂಟಿಯ ಮುಂಚಿನ ದಿನ, ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಹಮಾಲರಿಗೆ ‘ನಾಡಿದ್ದು ಸೇರಿಸಿ ಕೊಡ್ತೀನಿ’ ಎನ್ನುವ ಚಾಳಿ ಇಲ್ಲಿಗೆ ನಿಲ್ಲಬೇಕು.

ಕೊಡಬೇಕೆಂಬ ಮನಸ್ಸಿದ್ದರೂ 7ನೇ ತಾರೀಖಿಗೆ ರೊಕ್ಕ ಇಲ್ಲದಿರುವುದೇ ತೊಡಕು. ಪಗಾರದ ಮೊತ್ತವನ್ನು ನಾಲ್ಕು ಪಾಲು ಮಾಡಿ ಪ್ರತಿ ಶನಿವಾರ ಬೇರೆ ಖಾತೆಗೆ ಹಾಕಿ, ಆ ಖಾತೆಯ ಯುಪಿಐ ಮೊಬೈಲಿನಲ್ಲಿ ಇಡಬೇಡಿ. ಯಜಮಾನನೂ ತಿಂಗಳಿಗೆ ಇಂತಿಷ್ಟು ಎಂದು ಪಗಾರ ತೆಗೆದುಕೊಳ್ಳಲಿ. ಮನೆಯ ತರಕಾರಿಗೂ ಮಕ್ಕಳ ಫೀಗೂ ಗಲ್ಲಾದೊಳಗೆ ಕೈ ಹಾಕುತ್ತಿದ್ದರೆ ಅಂಗಡಿಗೆ ಲಾಭ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಕೊಡುವುದು ಕಾನೂನಿಗೂ ವಿರುದ್ಧ.

ಭಾನುವಾರ ಬಾಗಿಲು ಹಾಕುತ್ತೇವೆ ಎನ್ನುವವರು ವಿಮೋಚನಕಾಂಡ 20:10ನ್ನು ಕೊನೆವರೆಗೆ ಓದಬೇಕು. ವಿಶ್ರಾಂತಿ ಯಜಮಾನನಿಗಷ್ಟೇ ಅಲ್ಲ, ಆಳಿಗೂ, ದನಕ್ಕೂ. ತಾವು ಆರಾಧನೆಗೆ ಹೋಗಿ ಹುಡುಗನನ್ನು ಅಂಗಡಿಯಲ್ಲಿ ಕೂರಿಸುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ವಾರದ ಸೂಟಿಗೆ ಪಗಾರ ಹಿಡಿಯುವಂತಿಲ್ಲ ಎಂದು ರಾಜ್ಯದ ಅಂಗಡಿ ಕಾಯ್ದೆಯೂ ಹೇಳುತ್ತದೆ. ಬೇಕರಿಯವರು ಶನಿವಾರ ಬ್ರೆಡ್ ಬೇಯಿಸುವುದನ್ನು ಅಂದಿನ ಸಂಜೆಯವರೆಗೆ ಮಾರುವಷ್ಟಕ್ಕೇ ಇಳಿಸಿ. ಉಳಿದದ್ದನ್ನು ಸೋಮವಾರ ‘ತಾಜಾ’ ಎಂದು ಮಾರುವ ಆಸೆ ಹುಟ್ಟುವುದೇ ಬೇಡ.

ಕೆಲಸದವರು ಬೇರೆ ಧರ್ಮದವರಾಗಿದ್ದರೆ ದೀಪಾವಳಿ, ರಂಜಾನ್ ಸೂಟಿಯನ್ನು ಅವರು ಕೇಳುವ ಮುಂಚೆಯೇ ಹಾಜರಿ ಪುಸ್ತಕದಲ್ಲಿ ಬರೆದಿಡಿ. ಬೆಳಗಿನ ಪ್ರಾರ್ಥನೆಗೆ ನಿಲ್ಲುವುದು ಅವರವರ ಇಷ್ಟ. ಅದಕ್ಕೂ ಪಗಾರಕ್ಕೂ ಸಂಬಂಧ ಕಲ್ಪಿಸಬಾರದು.

ಉದ್ರಿ

ಉದ್ರಿ ಕೊಡದೆ ಓಣಿಯಲ್ಲಿ ಕಿರಾಣಿ ಅಂಗಡಿ ನಡೆಯದು. ಮನೆಗೊಂದು ಮಿತಿ, ಒಂದು ತಾರೀಖು ಇರಲಿ: 2,000 ರೂಪಾಯಿ, ತಿಂಗಳ 10. ಬರೆದದ್ದನ್ನು ಗಿರಾಕಿಯ ಪುಸ್ತಕದಲ್ಲೂ ಬರೆಯಿರಿ, ಇಲ್ಲವೇ ಹಾಳೆಯ ಫೋಟೋ ವಾಟ್ಸಾಪಿಗೆ ಕಳಿಸಿ. ಚರ್ಚಿನ ಸಭೆಯವರು, ಬಳಗದವರು ಎಂದು ಮಿತಿ ಸಡಿಲಿಸಿದಲ್ಲೇ ಹೆಚ್ಚು ಬಾಕಿ ನಿಲ್ಲುತ್ತದೆ, ಮುಂದೆ ಅವರು ಅಂಗಡಿಗೂ ಬರುವುದಿಲ್ಲ, ದೇವಾಲಯದಲ್ಲಿ ಮುಖವನ್ನೂ ಕೊಡುವುದಿಲ್ಲ.

ವಸೂಲಿಗೆ ಒಂದು ಒಳ್ಳೆಯ ಕಟ್ಟಳೆ ಧರ್ಮೋಪದೇಶಕಾಂಡ 24:10-11ರಲ್ಲಿದೆ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು. ಬಾಕಿಯನ್ನು ಫೋನಿನಲ್ಲೋ ಒಬ್ಬರೇ ಇದ್ದಾಗಲೋ ಕೇಳಿ, ನಾಲ್ಕು ಜನರ ಮುಂದೆ ಬೇಡ. ಬಡವರ ಬಾಕಿಗೆ ಬಡ್ಡಿ ಹಾಕಬೇಡಿ (ವಿಮೋಚನಕಾಂಡ 22:25). ಮಾರ್ಚ್ ಕೊನೆಗೆ ಖಾತೆ ತಿರುವಿ, ಖಂಡಿತ ಬಾರದೆಂದು ಗೊತ್ತಾದದ್ದನ್ನು ಹೊಡೆದುಹಾಕಿ, ಅವರಿಗೂ ತಿಳಿಸಿ. ಇದಕ್ಕೆಂದೇ ದರದಲ್ಲಿ ನೂರಕ್ಕೆ ಅರ್ಧ ಅಥವಾ ಒಂದು ಸೇರಿಸಿರಬೇಕು, ಮನ್ನಾ ಆಗ ಭಾರವಾಗುವುದಿಲ್ಲ.

ನೀವು ಕೊಡಬೇಕಾದದ್ದಕ್ಕೂ ಅದೇ ಶಿಸ್ತು. ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ ನೋಂದಣಿ) ಇರುವ ಸಣ್ಣ ತಯಾರಕರಿಂದ ಸರಕು ತಂದರೆ, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಪರರ ಸಾಲಕ್ಕೆ ಜಾಮೀನು ನಿಲ್ಲಬೇಡ ಎಂಬ ಜ್ಞಾನೋಕ್ತಿಯನ್ನು (22:26-27) ಚೀಟಿ ವ್ಯವಹಾರ ಮಾಡುವವರು ಗೋಡೆಗೆ ಅಂಟಿಸಿಕೊಳ್ಳಬಹುದು.

ಬಿಲ್ಲು, ತೆರಿಗೆ

ತೆರಿಗೆ ಸಲ್ಲತಕ್ಕವರಿಗೆ ತೆರಿಗೆ (ರೋಮಾಪುರದವರಿಗೆ 13:7). ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಹೊಲಿಗೆ, ಗಿರಣಿಯಂಥ ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳು ರಾಜಿ ತೆರಿಗೆಗೆ (ಕಂಪೋಸಿಷನ್) ಸೇರಿ ನೂರಕ್ಕೆ 1 ಕಟ್ಟಬಹುದು. ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ನೋಂದಣಿಯೇ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಬರೆಯುವುದು ಸರಳವಾಗಿ ಹೇಳಬೇಕೆಂದರೆ ಕಳ್ಳತನ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಜನ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಆಗಬೇಕಾದದ್ದು ಬೇರೆ: ಅಂಗಡಿಗೆ ಪ್ರತ್ಯೇಕ ಖಾತೆ, ಹಾಲು-ತರಕಾರಿಯಂಥ ತೆರಿಗೆ ಇಲ್ಲದ ಸರಕಿನ ಲೆಕ್ಕ ಬೇರೆ, ದಿನದ ಕಿರ್ದಿ (ಜಮಾ-ಖರ್ಚಿನ ಪುಸ್ತಕ) ಅಂದೇ ಮುಗಿಯಬೇಕು.

ಲಂಚ ಕೇಳುವವರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಅವಧಿ ಮುಗಿದ ಕಾಗದ. ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ನೋಂದಣಿ, ತಕ್ಕಡಿಯ ಮುದ್ರೆ ಮೂರರ ತಾರೀಖನ್ನೂ ಒಂದೇ ಹಾಳೆಯಲ್ಲಿ ಬರೆದು, ತಿಂಗಳು ಮುಂಚೆ ಅರ್ಜಿ ಹಾಕಿ, ಅರ್ಜಿ ಸಂಖ್ಯೆ ಇಟ್ಟುಕೊಳ್ಳಿ.

ದಶಮಾಂಶ

ಉತ್ಸಾಹದಲ್ಲಿ ಗಲ್ಲಾದ ಹತ್ತರಲ್ಲೊಂದು ಭಾಗವನ್ನು ದೇವರ ಕಾಣಿಕೆಗೆಂದು ತೆಗೆದಿಡುವವರಿದ್ದಾರೆ. ತಿಂಗಳಿಗೆ 3 ಲಕ್ಷ ವ್ಯಾಪಾರ, ನೂರಕ್ಕೆ 8 ಉಳಿತಾಯ ಇರುವ ಕಿರಾಣಿ ಅಂಗಡಿಯಲ್ಲಿ ಉಳಿಯುವುದೇ 24,000. ವ್ಯಾಪಾರದ ದಶಮಾಂಶ 30,000! ಹೀಗೆ ಕೊಟ್ಟದ್ದು ಸಗಟು ವ್ಯಾಪಾರಿಯ ರೊಕ್ಕ, ನಿಮ್ಮದಲ್ಲ. ಸರಕಿನ ಬಾಕಿ, ಬಾಡಿಗೆ, ಪಗಾರ, ತೆರಿಗೆ ಕಳೆದ ಮೇಲೆ ನಿಮ್ಮ ಪಾಲಿಗೆ ಬಂದದ್ದರಲ್ಲಿ ಹತ್ತನೇ ಭಾಗ ಲೆಕ್ಕ ಹಾಕಿ. ತಿಂಗಳಿಗೊಮ್ಮೆ ಅಂದಾಜಿನಂತೆ ಕೊಡುತ್ತಾ ಹೋಗಿ, ಮಾರ್ಚ್ ಲೆಕ್ಕ ಮುಗಿದ ಮೇಲೆ ಕಡಿಮೆ ಬಿದ್ದದ್ದನ್ನು ತುಂಬಿ. ಕೊಟ್ಟದ್ದನ್ನು ಕಿರ್ದಿಯಲ್ಲಿ ಯಜಮಾನನ ಸ್ವಂತ ಖರ್ಚಿಗೆ ಬರೆಯಿರಿ, ಅಂಗಡಿಯ ಖರ್ಚಿಗಲ್ಲ.