ಮೂರು ಕೂಗಿನ ಲೆಕ್ಕ: ಬಿ.ಎ. ತರಗತಿಯಲ್ಲಿ ತಂತ್ರಜ್ಞಾನದ ಪಾಠ

2021-22ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿ ಬಂದು, ಒಂದು ವಿಭಾಗದ ವಿದ್ಯಾರ್ಥಿಗಳು ಇನ್ನೊಂದು ವಿಭಾಗದ ವಿಷಯವನ್ನು ಮುಕ್ತ ಆಯ್ಕೆಯಾಗಿ ಓದುವ ವ್ಯವಸ್ಥೆಯಾದಾಗ, ಭೌತವಿಜ್ಞಾನದ ಅಧ್ಯಾಪಕನಾದ ನನ್ನ ತರಗತಿಗೆ ಇತಿಹಾಸ, ಐಚ್ಛಿಕ ಕನ್ನಡ ಮತ್ತು ವಾಣಿಜ್ಯ ಓದುತ್ತಿದ್ದ ನಲವತ್ತು ಮಂದಿ ಬಂದು ಕುಳಿತರು. ನಮ್ಮದು ಮಂಡ್ಯ ಜಿಲ್ಲೆಯ ಸರ್ಕಾರಿ ಕಾಲೇಜು. ಹತ್ತನೇ ತರಗತಿಯ ನಂತರ ವಿಜ್ಞಾನದ ಪುಸ್ತಕ ತೆರೆದವರು ಅವರಲ್ಲಿ ಬೆರಳೆಣಿಕೆಯಷ್ಟು. ಮೊದಲ ತಿಂಗಳು ನಾನು ಓಮ್‌ನ ನಿಯಮ, ಸಾಮರ್ಥ್ಯ, ದಕ್ಷತೆ ಎಂದು ಬೋರ್ಡಿನ ಮೇಲೆ ಬರೆಸುತ್ತಾ ಹೋದೆ. ಅವರು ಅಚ್ಚುಕಟ್ಟಾಗಿ ಬರೆದುಕೊಂಡರು. ಕಿರುಪರೀಕ್ಷೆಯಲ್ಲಿ ದಕ್ಷತೆಯ ವ್ಯಾಖ್ಯೆಯನ್ನು ಎಲ್ಲರೂ ಸರಿಯಾಗಿ ಬರೆದಿದ್ದರು, ಆದರೆ ‘ನಿಮ್ಮ ಮನೆಯಲ್ಲಿ ಶಕ್ತಿ ಪೋಲಾಗುವ ಒಂದು ವಸ್ತುವನ್ನು ಹೆಸರಿಸಿ, ಕಾರಣ ತಿಳಿಸಿ’ ಎಂಬ ಪ್ರಶ್ನೆಯ ಜಾಗ ಹೆಚ್ಚಿನವರ ಹಾಳೆಯಲ್ಲಿ ಖಾಲಿಯಿತ್ತು. ಆ ಹಾಳೆಗಳನ್ನು ತಿದ್ದಿದ ರಾತ್ರಿಯೇ ನನ್ನ ಪಾಠದ ಕ್ರಮ ಬದಲಾಗಬೇಕೆಂದು ನಿಶ್ಚಯಿಸಿದೆ.

ಮರುದಿನ ಮನೆಯ ಕುಕ್ಕರನ್ನು ತರಗತಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು, ಬೇಳೆಗೆ ಎಷ್ಟು ಕೂಗು ಎಂದು ಕೇಳಿದೆ. ಮೂರು ಎಂದರು, ನಾಲ್ಕು ಎಂದರು. ಉರಿ ದೊಡ್ಡದಿದ್ದರೆ ಬೇಗ ಬೇಗ ಕೂಗುತ್ತದೆ, ಬೇಳೆ ಮಾತ್ರ ಬೆಂದಿರುವುದಿಲ್ಲ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು. ನನಗೆ ಬೇಕಾಗಿದ್ದ ಎಳೆ ಅದೇ. ಕೂಗು ಕಾಲದ ಅಳತೆಯಲ್ಲವಾದರೆ ಮತ್ತೇನನ್ನು ತಿಳಿಸುತ್ತದೆ? ಪ್ರಯೋಗಾಲಯದ ತಕ್ಕಡಿಯಲ್ಲಿ ವಿಷಲ್ ತೂಗಿದೆವು, ಸುಮಾರು 70 ಗ್ರಾಂ ಬಂತು. ಅದು ಕೂರುವ ನಳಿಗೆಯ ರಂಧ್ರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದಾಗ ವ್ಯಾಸ 3 ಮಿ.ಮೀ. ಸಿಕ್ಕಿತು. ತೂಕವನ್ನು ರಂಧ್ರದ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿ.ಗ್ರಾಂ. ಒಳಗಿನ ಹಬೆಯ ಒತ್ತಡ ಹೊರಗಿನದಕ್ಕಿಂತ ಅಷ್ಟು ಹೆಚ್ಚಾದ ಕೂಡಲೇ ವಿಷಲ್ ಮೇಲೇಳುತ್ತದೆ, ಆ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದಾಚೆಗೆ ಉರಿ ಎಷ್ಟೇ ಹೆಚ್ಚಿಸಿದರೂ ಒಳಗಿನ ಬಿಸಿ ಏರುವುದಿಲ್ಲ, ಹೆಚ್ಚಿನ ಗ್ಯಾಸೆಲ್ಲ ಹಬೆಯಾಗಿ ಹೊರಹೋಗುತ್ತದೆ. ಖಾಲಿ ಬಿಟ್ಟಿದ್ದ ಆ ಪ್ರಶ್ನೆಗೆ ಉತ್ತರ ಅವರಿಗೇ ಹೊಳೆಯಿತು.

ಮುಚ್ಚಳದ ಮೇಲೆ ಇನ್ನೊಂದು ಪುಟ್ಟ ಭಾಗವಿದೆ, ಸೇಫ್ಟಿ ವಾಲ್ವ್. ಬೇಳೆಯ ಸಿಪ್ಪೆ ನಳಿಗೆಗೆ ಕಟ್ಟಿಕೊಂಡು ವಿಷಲ್ ಏಳದೆ ಹೋದಾಗ, ಬಿಸಿ ಮಿತಿಮೀರಿ ಇದರೊಳಗಿನ ಮಿಶ್ರಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ಮೊದಲನೆಯದು ತೂಕದಿಂದ ಕೆಲಸ ಮಾಡಿದರೆ ಎರಡನೆಯದು ಕರಗಿ ಕೆಲಸ ಮಾಡುತ್ತದೆ. ಒಂದನ್ನು ಕೆಡಿಸಿದ ಕಾರಣವೇ ಇನ್ನೊಂದನ್ನೂ ಕೆಡಿಸಬಾರದೆಂಬುದು ಇದರ ಹಿಂದಿನ ಯೋಚನೆ. ಎಂಜಿನಿಯರಿಂಗ್ ಓದದವರಿಗೆ ಒಂದೇ ಒಂದು ವಿಚಾರ ಕಲಿಸಲು ಅವಕಾಶ ಕೊಟ್ಟರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, ತಮ್ಮ ಮನೆಯ ಕುಕ್ಕರಿನಲ್ಲಿ ಆ ವಾಲ್ವ್ ಸೋರುತ್ತದೆಂದು ಬೋಲ್ಟ್ ಹಾಕಿಸಿದ್ದಾರೆಂದು ಹೇಳಿದಳು. ಅದೇ ವಾರ ಅದನ್ನು ತೆಗೆಸಿ ಹೊಸ ವಾಲ್ವ್ ಹಾಕಿಸಿದಳು.

ಅದರ ಮುಂದಿನ ಪಾಠ ವಿಶ್ವೇಶ್ವರಯ್ಯನವರದು. ನಮ್ಮ ಕಡೆ ಅವರ ಪಟವಿಲ್ಲದ ಊರಿಲ್ಲ, ಆದರೆ ಅವರು ರೂಪಿಸಿದ ಯಂತ್ರವೊಂದನ್ನು ವಿವರಿಸಿ ಎಂದರೆ ತರಗತಿ ಮೌನವಾಯಿತು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಿದ ಅವರ ಸ್ವಯಂಚಾಲಿತ ಗೇಟುಗಳು, ನೀರು ನಿಗದಿತ ಮಟ್ಟ ದಾಟಿದಾಗ ಆ ನೀರಿನಿಂದಲೇ ತೆರೆದುಕೊಳ್ಳುತ್ತಿದ್ದವು. ‘ವಿಷಲ್ ಥರಾನೇ ಅಲ್ವಾ ಸಾರ್’ ಎಂದು ಮೂರ್ನಾಲ್ಕು ಮಂದಿ ಒಟ್ಟಿಗೇ ಹೇಳಿದರು.

ಇತಿಹಾಸದ ವಿದ್ಯಾರ್ಥಿಗಳು ಚರ್ಚೆಯನ್ನು ತಮ್ಮ ಕೈಗೆ ತೆಗೆದುಕೊಂಡದ್ದು ಶಿವನಸಮುದ್ರದ ಪಾಠದಲ್ಲಿ. 1902ರಲ್ಲಿ ಅಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರಲ್ಲಿ. ಊರವರು ಇಂದಿಗೂ ಬ್ಲಫ್ ಎಂದೇ ಕರೆಯುವ ಆ ಜಾಗದ ಸುತ್ತಮುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳು, ಮೊದಲು ಗಣಿಗೇ ಏಕೆ ಎಂದು ಕೇಳಿದರು. ದುಡ್ಡು ಕೊಡುವ ದೊಡ್ಡ ಗಿರಾಕಿ ಗಣಿ ಎಂಬುದು ವಾಣಿಜ್ಯದವರ ಉತ್ತರ. ಅಷ್ಟು ದೂರ ಹೇಗೆ ಎಂಬುದನ್ನು ನಾನು ಹೇಳಿದೆ: ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಹತ್ತನೇ ಒಂದು ಪಾಲಾಗುತ್ತದೆ, ತಂತಿ ಕಾದು ಆಗುವ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಇತಿಹಾಸದ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮ ಹೊಲ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ತುಂಬಾ ದೂರ. ಎರಡು ವರ್ಷದಲ್ಲಿ ಮೂರು ಸಲ ಮೋಟಾರ್ ಸುಟ್ಟೋಯ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?’ ಎಂದಳು. ಸಂಬಂಧವಿದೆ. ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಕುಸಿದಾಗ ಅದೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಒಳಗೆ ಸುತ್ತಿದ ತಾಮ್ರದ ತಂತಿ, ಅಂದರೆ ವೈಂಡಿಂಗ್, ಕಾದು ಸುಡುತ್ತದೆ.

ಆ ವರ್ಷ ಆಂತರಿಕ ಅಂಕಗಳಿಗೆ ವ್ಯಾಖ್ಯೆ ಕೇಳುವುದನ್ನು ಬಿಟ್ಟು, ಮನೆಯಲ್ಲಿ ಕೆಟ್ಟ ಒಂದು ವಸ್ತು ಏಕೆ ಕೆಟ್ಟಿತೆಂದು ಪತ್ತೆಹಚ್ಚಿ ವರದಿ ಬರೆಯಲು ಹೇಳಿದೆ. ರಿಪೇರಿ ಮಾಡುವವರನ್ನು ಮಾತನಾಡಿಸುವುದು ಕಡ್ಡಾಯವಾಗಿತ್ತು. ಕೆಲವು ವರದಿಗಳು ಪಕ್ಕದವರದನ್ನು ನೋಡಿ ಬರೆದಂತಿದ್ದವು, ಅವನ್ನು ಹಿಂದಿರುಗಿಸಿದೆ. ಮೋಟಾರಿನ ಹುಡುಗಿ ಸ್ಟಾರ್ಟರ್ ಪೆಟ್ಟಿಗೆಯ ಮೀಟರನ್ನು ಹತ್ತು ದಿನ ನೋಡಿ ಪಟ್ಟಿ ಮಾಡಿದ್ದಳು: 415 ವೋಲ್ಟ್ ಇರಬೇಕಾದಲ್ಲಿ 340, 330, ಒಂದು ಸಂಜೆ 315. ದಿನಾಂಕ, ಹೊತ್ತು, ವೋಲ್ಟ್ ಎಂಬ ಮೂರು ಕಲಂಗಳನ್ನು ನಾನು ಹೇಳಿಕೊಟ್ಟಿದ್ದೆ. ನಾಲ್ಕನೆಯ ಕಲಂ ಅವಳೇ ಹಾಕಿಕೊಂಡದ್ದು: ‘ಆಗ ಲೈನಿನಲ್ಲಿ ಓಡುತ್ತಿದ್ದ ಬೇರೆ ಮೋಟಾರುಗಳು’. ಪ್ರತಿದಿನ ಬದುವಿನ ಮೇಲೆ ನಡೆದು ಅವನ್ನು ಎಣಿಸಿ ಬರೆದಿದ್ದಳು.