ಸಂಜೆಯಾದರೆ ಡೈರಿಗೆ ಹೊರಡುವವರು

ಮರೆವಿನ ಕಾಯಿಲೆಯವರಿರುವ ಮನೆಯಲ್ಲಿ ಸಂಜೆ 5ರಿಂದ 7ರ ಹೊತ್ತು ದಾಟಿಸುವುದೇ ದೊಡ್ಡ ಕೆಲಸ. ಬೆಳಕು ಇಳಿಯುತ್ತಿದ್ದಂತೆ ಗಲಿಬಿಲಿ ಏರುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ನಮ್ಮ ಕೋಲಾರದ ಕಡೆ ಜೀವಮಾನವೆಲ್ಲ ಹಸು ಕಟ್ಟಿದವರಿಗೆ ಅದು ಡೈರಿಗೆ ಹಾಲು ಹಾಕುವ ಹೊತ್ತು. ಹಸು ಮಾರಿ ಎಷ್ಟೋ ವರ್ಷವಾಗಿದ್ದರೂ ಮಾವ "ಟೈಮಾಯ್ತು, ಕ್ಯಾನ್ ಕೊಡಮ್ಮ" ಅನ್ನುತ್ತಾರೆ. "ಹಸು ಮಾರಿಯಾಯ್ತಲ್ಲ ಮಾವ" ಅಂದಿರೋ, ಕೆಲಸ ಕೆಟ್ಟಿತು. ಹೇಳಿದ ಮಾತು ಐದು ನಿಮಿಷಕ್ಕೆ ಮರೆತುಹೋಗುತ್ತದೆ, ಸಿಟ್ಟು ಮಾತ್ರ ರಾತ್ರಿಯವರೆಗೂ ಉಳಿಯುತ್ತದೆ.

ಅದಕ್ಕೆ ನಾನು ಕ್ಯಾನನ್ನೇ ಕೊಡುತ್ತೇನೆ. ಒಳಗೆ ಒಂದು ಲೀಟರ್ ನೀರು ಇರಬೇಕು; ಖಾಲಿ ಕ್ಯಾನ್ ಆದರೆ ಕೈಗೇ ಗೊತ್ತಾಗಿಬಿಡುತ್ತದೆ. ಜೊತೆಗೊಬ್ಬರು ಅರಳಿಕಟ್ಟೆಯವರೆಗೆ ನಡೆದು ತಿರುಗಿ ಬಂದರೆ ಇಪ್ಪತ್ತು ನಿಮಿಷ. ಬಂದಮೇಲೆ ಆ ನೀರು ತುಳಸಿಗೆ. ಇದು ಮೋಸವಲ್ಲವಾ ಅಂತ ಕೇಳುವ ನೆಂಟರಿದ್ದಾರೆ. ಅವರನ್ನು ಒಂದು ಸಂಜೆ ಇಲ್ಲಿ ಕೂರಿಸಿದರೆ ಸಾಕು, ಆಮೇಲೆ ಕೇಳುವುದಿಲ್ಲ. ನಡುಮನೆಯ ದೀಪ ನಾಲ್ಕೂವರೆಗೇ ಹತ್ತಬೇಕು, ಮೂಲೆಯಲ್ಲಿ ನೆರಳು ನಿಲ್ಲಬಾರದು. ಮೂರರ ಮೇಲೆ ಕಾಫಿ ಬೇಡ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರುವುದು ಬೇಡ. ಟಿವಿ ಸುದ್ದಿಯ ಕೂಗಾಟವನ್ನು ಆ ಹೊತ್ತಲ್ಲಿ ಆರಿಸಿಡಿ. ಪರದೆಯಲ್ಲಿ ಕೂಗುವವನು ಮನೆಯೊಳಗೇ ಬಂದಿದ್ದಾನೆ ಅಂದುಕೊಳ್ಳುತ್ತಾರೆ.

ಒಬ್ಬರೇ ಹೊರಟುಬಿಡುವ ಭಯ ಇದ್ದೇ ಇರುತ್ತದೆ. ಜೇಬಿನಲ್ಲಿ ಚೀಟಿ ಇಟ್ಟರೆ ಹರಿದು ಎಸೆಯುತ್ತಾರೆ, ಕೈಗೆ ಪಟ್ಟಿ ಕಟ್ಟಿದರೆ ಕಿತ್ತುಹಾಕುತ್ತಾರೆ. ಉಡಿದಾರಕ್ಕೆ ಮಾತ್ರ ಕೈ ಹಾಕುವುದಿಲ್ಲ. ಹೆಸರು ಕೆತ್ತುವ ಪಾತ್ರೆ ಅಂಗಡಿಯಲ್ಲಿ ಚಿಕ್ಕ ತಾಮ್ರದ ತಗಡಿಗೆ ಎರಡು ಫೋನ್ ನಂಬರ್ ಕೆತ್ತಿಸಿ, ಅಂಚು ಉಜ್ಜಿಸಿ, ತಾಯತದ ಹಾಗೆ ಉಡಿದಾರಕ್ಕೆ ಪೋಣಿಸಿದ್ದೇನೆ. ಅಂಗಿಯ ಕಾಲರ್ ಒಳಗೂ ಅಳಿಸದ ಪೆನ್ನಿನಲ್ಲಿ ಅದೇ ನಂಬರ್. ಹತ್ತಾರು ಸಲ ಒಗೆದ ಮೇಲೆ ಮತ್ತೆ ಬರೆಯಬೇಕು. ಬಾಗಿಲಿಗೆ ಕೈಮಟ್ಟದ ಚಿಲಕವಲ್ಲದೆ ಕೆಳಗೆ, ಹೊಸ್ತಿಲ ಹತ್ತಿರ ಇನ್ನೊಂದು ಹಾಕಿಸಿ. ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಹೊರಗಿನಿಂದ ಬೀಗ ಹಾಕಿಕೊಂಡು ಮಾತ್ರ ಯಾವತ್ತೂ ಹೋಗಬೇಡಿ; ಒಳಗೆ ಗ್ಯಾಸ್ ಇದೆ, ಬೆಂಕಿ ಇದೆ. ಬಾಗಿಲಲ್ಲಿ ಕಪ್ಪು ಕಾಲೊರಸು ಇದ್ದರೆ ತೆಗೆಯಿರಿ. ಅವರ ಕಣ್ಣಿಗೆ ಅದು ಗುಂಡಿ, ದಾಟಲು ಹೋಗಿ ಬೀಳುತ್ತಾರೆ.

ಬಚ್ಚಲಿನ ಜಗಳ ಮುಕ್ಕಾಲು ಪಾಲು ನಾವೇ ತಂದುಕೊಳ್ಳುವುದು. "ಸ್ನಾನ ಮಾಡ್ತೀರಾ?" ಅಂತ ಕೇಳಿದರೆ ಉತ್ತರ "ಆಗ್ಲೇ ಮಾಡ್ದೆ". "ನೀರು ಕಾದಿದೆ, ಬನ್ನಿ ಮಾವ" ಅಂದರೆ ಎದ್ದು ಬರುತ್ತಾರೆ. ಹಂಡೆಯ ನೀರನ್ನು ಮೊದಲೇ ಬಕೆಟ್ಟಿನಲ್ಲಿ ಬೆರೆಸಿ, ನಿಮ್ಮ ಮೊಣಕೈ ಅದ್ದಿ ನೋಡಿ. ನೇರ ತಲೆಗೆ ಸುರಿದರೆ ಹೊಡೆದರೆಂದೇ ಬೆಚ್ಚುತ್ತಾರೆ. ಪಾದ, ಮೊಣಕಾಲು, ಬೆನ್ನು, ಕೊನೆಗೆ ತಲೆ. ಚೊಂಬು ಅವರ ಕೈಯಲ್ಲೇ ಇರಲಿ. ಕನ್ನಡಿ ಇದ್ದರೆ ಟವೆಲ್ ಹೊದಿಸಿ, ಯಾರೋ ಬಚ್ಚಲಲ್ಲಿ ನಿಂತಿದ್ದಾರೆ ಅನ್ನುವ ಗಲಾಟೆ ತಪ್ಪುತ್ತದೆ.

ಮುದ್ದೆಯ ವಿಷಯಕ್ಕೆ ಬರೋಣ. ಮುದ್ದೆ ಅಗಿಯುವುದಲ್ಲ, ನುಂಗುವುದು. ಕಾಯಿಲೆ ಮುಂದುವರಿದಂತೆ ನುಂಗುವ ಶಕ್ತಿಯೇ ಸೋಲುತ್ತದೆ. ಊಟದ ಮಧ್ಯೆ ಕೆಮ್ಮು, ಊಟವಾದ ಮೇಲೆ ಗಂಟಲಲ್ಲಿ ನೀರು ನಿಂತಂಥ ದನಿ, ಇವೆರಡು ಕಂಡರೆ ಮುದ್ದೆ ಮುರಿದು ನುಂಗಿಸುವುದನ್ನು ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಆಹಾರ ಉಸಿರಿನ ದಾರಿಗೆ ಇಳಿದರೆ ನ್ಯುಮೋನಿಯಾ ಆಗಬಹುದು. ತೆಳ್ಳಗಿನ ಬಸ್ಸಾರು, ನೀರು ಇನ್ನೂ ಬೇಗ ಜಾರುತ್ತವೆ. ಮೆತ್ತಗಿನ ಮುದ್ದೆಯನ್ನು ಗಟ್ಟಿ ಮಸ್ಸೊಪ್ಪಿನಲ್ಲಿ ಕಿವುಚಿ, ಚಿಕ್ಕ ಚಮಚದಲ್ಲಿ, ಒಂದು ಇಳಿದದ್ದು ನೋಡಿಕೊಂಡು ಇನ್ನೊಂದು ಕೊಡುವುದು ನಮಗೆ ಹೊಂದಿತು. ನೆಟ್ಟಗೆ ಕೂರಿಸಿ ತಿನ್ನಿಸಿ, ಉಂಡಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಬಿಳಿ ತಟ್ಟೆಯಲ್ಲಿ ಮೊಸರನ್ನ ಅವರಿಗೆ ಕಾಣುವುದಿಲ್ಲ. ಬಾಳೆ ಎಲೆಯಲ್ಲಿ ಬಡಿಸಿದರೆ ಕಾಣುತ್ತದೆ, ತಿನ್ನುತ್ತಾರೆ.

ಮಾತ್ರೆ ಡಬ್ಬ ಬೀರುವಿನಲ್ಲಿರಲಿ. ಏಳು ದಿನದ ಖಾನೆಯ ಡಬ್ಬ ಎದುರಿಗಿಟ್ಟರೆ ಎರಡು ದಿನದ್ದು ಒಟ್ಟಿಗೆ ಹೋಗುತ್ತದೆ. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು. ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಹಿಡಿದು ನಿಲ್ಲಿಸುತ್ತದೆ. ರಾತ್ರಿ ಕೊಟ್ಟು ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ತಲೆಸುತ್ತು ಬಂದರೆ ನಾಡಿ ನೋಡಿಸಿ, ಈ ಮಾತ್ರೆ ಅದನ್ನು ನಿಧಾನ ಮಾಡಬಲ್ಲದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್ ಅನ್ನುವ ಔಷಧ ಇದ್ದರೆ ಗೊಂದಲ ಹೆಚ್ಚಾಗಬಹುದು.

ಇನ್ನೂ ತೋರಿಸದವರು "ಅರಳುಮರಳು" ಅಂತ ಬಿಟ್ಟುಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್, ಬಿದ್ದಾಗ ತಲೆಯೊಳಗೆ ನಿಂತ ರಕ್ತ, ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಕಾಯಿಲೆ ಇದೆಯೆಂದು ಗೊತ್ತಿರುವವರೂ ಒಂದೆರಡು ದಿನದಲ್ಲಿ ಏಕಾಏಕಿ ಹದಗೆಟ್ಟರೆ, ಇದ್ದಲ್ಲೇ ತೂಗಡಿಸುತ್ತ, ಇಲ್ಲದವರ ಜೊತೆ ಮಾತಾಡುತ್ತ ಕೂತರೆ, ಅದು ಮರೆವು ಏರಿದ್ದಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು, ಹೊಸ ಮಾತ್ರೆ, ಈ ನಾಲ್ಕರಲ್ಲಿ ಒಂದು ಇರುವುದೇ ಹೆಚ್ಚು. ಮೂತ್ರ ಪರೀಕ್ಷೆಯ ಡಬ್ಬಿ ಒಂದು ಮನೆಯಲ್ಲಿ ಇಟ್ಟಿರಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.